ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನು

ಗಾಡಿ ಓಡಿಸುವವರ ಮೊಣಕಾಲಿನ ಹತ್ತಿರ, ಬಾನೆಟ್ ತೆಗೆಯುವ ಲಿವರಿನ ಅಕ್ಕಪಕ್ಕದಲ್ಲಿ, ಒಂದು ಪ್ಲಾಸ್ಟಿಕ್ ಸಾಕೆಟ್ ಇರುತ್ತದೆ. ಎರಡು ಸಾಲು, ಸಾಲಿಗೆ ಎಂಟರಂತೆ ಹದಿನಾರು ಮನೆ. ಹತ್ತು ವರ್ಷ ಅದೇ ಕಾರು ಓಡಿಸಿದವರಲ್ಲೂ ಅದನ್ನು ಬಗ್ಗಿ ನೋಡಿದವರು ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಚಿತ್ರ ಹೊತ್ತಿಕೊಂಡ ದಿನ ಗ್ಯಾರೇಜಿನವರು ಅದಕ್ಕೊಂದು ವೈರ್ ಚುಚ್ಚುತ್ತಾರೆ, ಪರದೆಯ ಮೇಲೆ ಏನೇನೋ ಓಡುತ್ತದೆ, ‘ಸೆನ್ಸರ್ ಹೋಗಿದೆ ಸಾರ್’ ಎನ್ನುತ್ತಾರೆ. ಚುಚ್ಚಿ ನೋಡಿದ್ದಕ್ಕೇ ಕೆಲವು ಕಡೆ ಐನೂರು ರೂಪಾಯಿ, ಕೆಲವು ಕಡೆ ಸಾವಿರ. ಅಷ್ಟೇ ದುಡ್ಡಿಗೆ ಅದೇ ಕೆಲಸ ಮಾಡುತ್ತೇನೆಂದು ಹೇಳಿಕೊಳ್ಳುವ, ಜೇಬಿನಲ್ಲಿ ಹಿಡಿಸುವ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಹಾಗಿದ್ದರೆ ಮೂವತ್ತು, ನಲವತ್ತು ಸಾವಿರ ಕೊಟ್ಟು ದೊಡ್ಡ ಸ್ಕ್ಯಾನರ್ ಇಟ್ಟುಕೊಂಡ ಗ್ಯಾರೇಜಿನವರು ದಡ್ಡರೇ? ಖಂಡಿತ ಅಲ್ಲ. ಆದರೆ ಅವರು ಆ ದುಡ್ಡನ್ನು ಯಾವುದಕ್ಕೆ ಕೊಟ್ಟರು, ನಮಗೆ ಅದು ಬೇಕೇ ಬೇಡವೇ ಎಂದು ತಿಳಿಯಲು ಎಲೆಕ್ಟ್ರಾನಿಕ್ಸಿಗಿಂತ ಮೊದಲು ಒಂದು ಕಾನೂನಿನ ಕತೆ ಕೇಳಬೇಕು.

ಎರಡನೇ ಮಹಾಯುದ್ಧದ ಕಾಲದಿಂದ ಲಾಸ್ ಏಂಜಲಿಸ್ ನಗರವನ್ನು ಕಂದು ಬಣ್ಣದ ಹೊಗೆಮಂಜು ಕಾಡುತ್ತಿತ್ತು. ಜನಕ್ಕೆ ಕಣ್ಣುರಿ, ಕೆಮ್ಮು. ಸುತ್ತಲಿನ ತೋಟಗಳಲ್ಲಿ ಸೊಪ್ಪಿನ ಎಲೆಗಳು ಕಂದಿಹೋಗುತ್ತಿದ್ದವು. ಡಚ್ ಮೂಲದ ರಸಾಯನಶಾಸ್ತ್ರಜ್ಞ ಏರಿ ಹಾಗೆನ್-ಸ್ಮಿತ್ ಆಗ ಕ್ಯಾಲ್ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆಂದು ಹುಡುಕುತ್ತಿದ್ದರು. ಗಾಳಿಯಲ್ಲಿನ ಅಲ್ಪಸ್ವಲ್ಪ ವಸ್ತುವನ್ನೂ ಹಿಡಿದು ಅಳೆಯುವ ಅದೇ ವಿದ್ಯೆಯನ್ನು ಅವರು ಊರಿನ ಹೊಗೆಯ ಮೇಲೆ ಪ್ರಯೋಗಿಸಿದರು. ಅರೆಬರೆ ಉರಿದ ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳು ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಸಿಕ್ಕಿ ಓಜೋನ್ ಆಗುತ್ತವೆ, ಕಣ್ಣುರಿಸುವುದು ಈ ಕ್ರಿಯೆಯ ಫಲ ಎಂದು 1950ರ ದಶಕದ ಮೊದಲಲ್ಲೇ ತೋರಿಸಿಕೊಟ್ಟರು. ತಪ್ಪಿತಸ್ಥರ ಸಾಲಿನಲ್ಲಿ ಕಾರುಗಳು ಬಂದು ನಿಂತವು. ಕಾರು ಕಂಪನಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದದ್ದು ಇದೇ ಹಾಗೆನ್-ಸ್ಮಿತ್.

ಹೊಸ ಕಾರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪಾಸು ಮಾಡುವುದು ಸುಲಭ. ಐದು ವರ್ಷ ಓಡಿದ ಮೇಲೆ ಅದು ಎಷ್ಟು ಹೊಗೆ ಉಗುಳುತ್ತದೆ ಎಂದು ನೋಡುವವರು ಯಾರು? ಆ ಕೆಲಸವನ್ನು ಮಂಡಳಿ ಕಾರಿಗೇ ಹೊರಿಸಿತು. 1988ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಕಾರು ತನ್ನ ತಪ್ಪನ್ನು ತಾನೇ ಗುರುತಿಸಿ ದೀಪ ಹೊತ್ತಿಸಬೇಕು ಎಂದಾಯಿತು. ಆದರೆ ಆಗ ಕಂಪನಿಗೊಂದು ಸಾಕೆಟ್, ಕಂಪನಿಗೊಂದು ಕೋಡು. ಈ ಗೊಂದಲ ಸಾಕಾಗಿ ಎರಡನೇ ಆವೃತ್ತಿ ಬಂತು. ಅದೇ ಇವತ್ತು ಎಲ್ಲರ ಬಾಯಲ್ಲಿರುವ ಓಬಿಡಿ-2 (ಓಬಿಡಿ ಎಂದರೆ ಆನ್-ಬೋರ್ಡ್ ಡಯಾಗ್ನೋಸ್ಟಿಕ್ಸ್, ಗಾಡಿಯೊಳಗಿನ ಸ್ವಯಂ ತಪಾಸಣೆ). 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರಿಗೂ ಒಂದೇ ಆಕಾರದ ಸಾಕೆಟ್, ಒಂದೇ ಪಟ್ಟಿಯ ಕೋಡು ಕಡ್ಡಾಯವಾದವು. ಮೂಲೆಯ ಗ್ಯಾರೇಜಿನವರೂ, ಮನೆಯಲ್ಲೇ ಕೈಮಸಿ ಮಾಡಿಕೊಳ್ಳುವವರೂ ಓದಬಹುದಾದ ಕೋಡು. ಯುರೋಪು 2001ರಲ್ಲಿ ಪೆಟ್ರೋಲ್ ಕಾರುಗಳಿಗೆ ಇದನ್ನು ತಂದಿತು.

ನಮ್ಮಲ್ಲಿ ಬಿಎಸ್-4 (ಭಾರತದ ಹೊಗೆ ನಿಯಮದ ನಾಲ್ಕನೇ ಮೆಟ್ಟಿಲು) ಕಾರುಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಜಾರಿಯಾಯಿತು. ಇಲ್ಲೊಂದು ಸಿಕ್ಕು ಇದೆ. ಬಿಎಸ್-4 ಮೊದಲಿಗೆ ಬಂದದ್ದು 13 ದೊಡ್ಡ ನಗರಗಳಿಗೆ ಮಾತ್ರ; ದೇಶಕ್ಕೆಲ್ಲ ಅನ್ವಯವಾದದ್ದು 2017ರಲ್ಲಿ. ಬೆಂಗಳೂರು ಆ 13ರಲ್ಲಿ ಒಂದು. ಹೀಗಾಗಿ 2011ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಕಾರು ಬಿಎಸ್-4 ಆಗಿದ್ದರೆ, ಅದೇ ವರ್ಷ ಹಾವೇರಿಯಲ್ಲಿ ಕೊಂಡ ಅದೇ ಮಾದರಿ ಬಿಎಸ್-3 ಆಗಿರಬಹುದು. ಹದಿನಾರು ಮನೆಯ ಸಾಕೆಟ್ ಎರಡರಲ್ಲೂ ಇದ್ದೀತು. ಆದರೆ ಹಳೆಯ ಕೆಲವು ಗಾಡಿಗಳಲ್ಲಿ ಸಾಕೆಟ್ ಮಾತ್ರ ಜಗತ್ತಿನದು, ಮಾತು ಕಂಪನಿಯದೇ. ಅಂಥ ಕಾರಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿದರೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು ಬರುತ್ತದೆ, ತಪ್ಪು ಸ್ಕ್ಯಾನರಿನದ್ದಲ್ಲ. ಆರ್‌ಸಿಯಲ್ಲಿ ತಯಾರಾದ ವರ್ಷವನ್ನೂ ಬಿಎಸ್ ಯಾವುದೆಂಬುದನ್ನೂ ನೋಡಿಕೊಂಡ ಮೇಲೆ ಖರೀದಿಯ ಮಾತು.

ಈ ಕಾನೂನಿಗೆ ಬೇಕಾಗಿದ್ದದ್ದು ಹೊಗೆಯ ಲೆಕ್ಕವೊಂದೇ. ಅಮೆರಿಕದ ನಿಯಮದ ಪ್ರಕಾರ ಹೊಗೆ ಮಿತಿಯ ಒಂದೂವರೆ ಪಟ್ಟು ದಾಟುವಂಥ ದೋಷ ಕಂಡರೆ ದೀಪ ಹೊತ್ತಬೇಕು. ಬ್ರೇಕು, ಏರ್‌ಬ್ಯಾಗು, ಏಸಿ, ಪವರ್ ಸ್ಟೇರಿಂಗು ಇವುಗಳ ಬಗ್ಗೆ ಅದಕ್ಕೆ ಚಿಂತೆ ಇರಲಿಲ್ಲ. ಹೊಗೆಗೆ ಸಂಬಂಧಪಟ್ಟದ್ದನ್ನು ಕಾರು ಯಾರು ಕೇಳಿದರೂ ಹೇಳಲೇಬೇಕು. ಮಿಕ್ಕದ್ದನ್ನು ತನ್ನ ಕಂಪನಿಯ ಗುಟ್ಟಿನ ಭಾಷೆಯಲ್ಲಿ ಇಟ್ಟುಕೊಳ್ಳಬಹುದು. ಆ ಗುಟ್ಟಿನ ಭಾಷೆಗಳನ್ನು ಒಂದೊಂದು ಕಂಪನಿಗೆ, ಒಂದೊಂದು ಮಾದರಿಗೆ, ಒಂದೊಂದು ವರ್ಷಕ್ಕೆ ಕಲಿತು ತುಂಬಿಸಲು ಸ್ಕ್ಯಾನರ್ ತಯಾರಕರಿಗೆ ಖರ್ಚು ಇದೆ. ಐನೂರರ ಪೆಟ್ಟಿಗೆಗೂ ನಲವತ್ತು ಸಾವಿರದ ಪೆಟ್ಟಿಗೆಗೂ ನಡುವಿನ ಅಂತರ ಬಹುಪಾಲು ಅದೇ. ಎಬಿಎಸ್ ದೀಪ ಹೊತ್ತಿದೆಯೆಂದು ಅಗ್ಗದ ಸ್ಕ್ಯಾನರ್ ತರಿಸಿಕೊಂಡು, ‘ಯಾವ ದೋಷವೂ ಇಲ್ಲ’ ಎಂಬ ಉತ್ತರ ಓದಿ, ಸಿಟ್ಟಿನಿಂದ ಒಂದೇ ನಕ್ಷತ್ರ ಕೊಟ್ಟು ವಾಪಸು ಕಳಿಸುವವರು ಬಹಳ ಮಂದಿ. ಸ್ಕ್ಯಾನರ್ ಸುಳ್ಳು ಹೇಳಿರುವುದಿಲ್ಲ. ಅದಕ್ಕೆ ಇಂಜಿನ್ನಿನ ಕಂಪ್ಯೂಟರನ್ನು ಕೇಳಲು ಮಾತ್ರ ಬರುತ್ತದೆ, ಇಂಜಿನ್ನು ನೆಟ್ಟಗಿರುತ್ತದೆ.

ಈಗ ಸಾಕೆಟ್ಟಿಗೆ ಬರೋಣ. ಮೊಬೈಲ್ ಟಾರ್ಚು ಹಿಡಿದು ಒಳಗೆ ನೋಡಿ. ಹದಿನಾರು ಮನೆಯಲ್ಲೂ ಲೋಹ ಇರುವುದಿಲ್ಲ, ಕೆಲವು ಖಾಲಿ. 16ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್, 4 ಮತ್ತು 5ಕ್ಕೆ ನೆಗೆಟಿವ್. 6 ಮತ್ತು 14ರಲ್ಲಿ ಲೋಹ ಕಂಡರೆ ಕಾರು ಕ್ಯಾನ್ ಜಾಲದಲ್ಲಿ ಮಾತಾಡುತ್ತದೆ. ಅವೆರಡೂ ಖಾಲಿಯಿದ್ದು 7ನೇ ಮನೆ ತುಂಬಿದ್ದರೆ ಅದು ಹಳೆಯ ಕೆ-ಲೈನ್. ಈ ಒಂದು ಇಣುಕು ನಿಮ್ಮ ಆಯ್ಕೆಯನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಕ್ಯಾನ್ ಇದ್ದರೆ ಎಂಥ ಅಗ್ಗದ ಪೆಟ್ಟಿಗೆಯೂ ಹೇಗೋ ಸಂಭಾಳಿಸುತ್ತದೆ. ಕೆ-ಲೈನ್ ಇದ್ದರೆ ಅಗ್ಗದವುಗಳಲ್ಲಿ ಅರ್ಧಕ್ಕರ್ಧ ತಡವರಿಸುತ್ತವೆ.

ಕ್ಯಾನ್ ಜಾಲವನ್ನು ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಲೋಕಕ್ಕೆ ತೋರಿಸಿತು. ಮೈಕೋ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಕಾರ್ಖಾನೆ ಇದೇ ಬಾಷ್ ಬಳಗದ್ದು. ಅಲ್ಲಿಯವರೆಗೆ ಕಾರಿನಲ್ಲಿ ಒಂದೊಂದು ಸಂಗತಿಗೆ ಒಂದೊಂದು ವೈರು ಎಳೆಯಬೇಕಿತ್ತು. ಕ್ಯಾನ್ ಬಂದ ಮೇಲೆ ಹೆಣೆದ ಎರಡೇ ತಂತಿಯ ಮೇಲೆ ಎಲ್ಲ ಕಂಪ್ಯೂಟರುಗಳೂ ಸರದಿ ಹಿಡಿದು ಮಾತಾಡತೊಡಗಿದವು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರ ಸಂದೇಶಕ್ಕೆ ಚಿಕ್ಕ ಸಂಖ್ಯೆಯ ಗುರುತು ಇದೆಯೋ ಅವರಿಗೆ ಮೊದಲ ಮಣೆ. ಜಾಲದ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, 6 ಮತ್ತು 14ರ ನಡುವೆ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 60 ಓಮಿನ ಹತ್ತಿರ ತೋರಿಸಬೇಕು. 120 ತೋರಿಸಿದರೆ ಎಲ್ಲೋ ತಂತಿ ತುಂಡಾಗಿದೆ ಎಂಬ ಅನುಮಾನ. ಮುನ್ನೂರು ರೂಪಾಯಿಯ ಮೀಟರು ಮಾಡುವ ಈ ಪರೀಕ್ಷೆಯನ್ನು ಅಗ್ಗದ ಸ್ಕ್ಯಾನರ್ ಮಾಡಲಾರದು.

ಇನ್ನು ಅಗ್ಗದ ಪೆಟ್ಟಿಗೆಗಳ ವಂಶಾವಳಿ. ಅವುಗಳ ಮೇಲೆಲ್ಲ ‘ಇಎಲ್ಎಂ327’ ಎಂದು ಬರೆದಿರುತ್ತದೆ. ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಕೆನಡಾದ ಸಣ್ಣ ಕಂಪನಿ ತಯಾರಿಸಿದ ಚಿಪ್ಪಿನ ಹೆಸರು ಅದು. ಕಾರುಗಳ ನಾನಾ ಭಾಷೆಗಳನ್ನು ಒಂದು ಸರಳ ಭಾಷೆಗೆ ತಿರುಗಿಸುವ ದುಭಾಷಿ ಚಿಪ್ಪು. ಮಾರುಕಟ್ಟೆಯಲ್ಲಿ ಸಿಗುವ ಮೈಕ್ರೋಚಿಪ್ ಕಂಪನಿಯ ಪಿಐಸಿ ನಿಯಂತ್ರಕವೊಂದರ ಒಳಗೆ ತಮ್ಮ ತಂತ್ರಾಂಶ ತುಂಬಿ ಅವರು ಅದನ್ನು ಮಾಡಿದ್ದರು. ಮೊದಲ ಆವೃತ್ತಿಯಲ್ಲಿ ನಕಲು ತಡೆಯುವ ಬೀಗ ಹಾಕಿರಲಿಲ್ಲ. ಯಾರೋ ಒಳಗಿನ ತಂತ್ರಾಂಶವನ್ನು ಹಾಗೇ ಓದಿಕೊಂಡರು, ನಕಲುಗಳು ಪ್ರವಾಹದಂತೆ ಬಂದವು. ನಕಲು ಮಾಡಿದವರು ಆವೃತ್ತಿಯ ಸಂಖ್ಯೆಯನ್ನು ತಮಗೆ ಬೇಕಾದಂತೆ ಬರೆದುಕೊಂಡರು. ‘1.5’ ಎಂದು ಘೋಷಿಸಿಕೊಳ್ಳುವ ಪೆಟ್ಟಿಗೆಗಳಿಗೆ ಇವತ್ತಿಗೂ ಒಳ್ಳೆಯ ಹೆಸರಿದೆ. ಎಲ್ಮ್ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇರಲಿಲ್ಲ! ‘2.1’ ಎಂದು ಬರೆದುಕೊಂಡ ನಕಲುಗಳು ಇನ್ನೂ ಅಗ್ಗ, ಸಂಖ್ಯೆ ದೊಡ್ಡದಾದರೂ ಕೆಲಸ ಕಡಿಮೆ. ಎಷ್ಟೋ ಆಜ್ಞೆಗಳನ್ನೂ ಕೆಲವು ಹಳೆಯ ಭಾಷೆಗಳನ್ನೂ ಅವು ಬಿಟ್ಟುಬಿಟ್ಟಿವೆ. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ನಕಲುಗಳು ಮಾತ್ರ ಸುಖವಾಗಿವೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಆವೃತ್ತಿ ಸಂಖ್ಯೆ ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ಪೆಟ್ಟಿಗೆ ಮತ್ತು ಕಾರಿನ ನಡುವೆ ನಡೆಯುವ ಮಾತುಕತೆಯನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ಬ್ಲೂಟೂತ್ ಟರ್ಮಿನಲ್ ಎಂಬ ಉಚಿತ ಆ್ಯಪು ಸಾಕು. ‘ಎಟಿ ಆರ್‌ವಿ’ ಎಂದು ಟೈಪು ಮಾಡಿದರೆ ಪೆಟ್ಟಿಗೆ ಬ್ಯಾಟರಿಯ ವೋಲ್ಟೇಜ್ ಹೇಳುತ್ತದೆ. ಈ ‘ಎಟಿ’ ಎಂಬುದು 1981ರ ಹೇಯ್ಸ್ ಮೋಡೆಮ್‌ಗಳಿಂದ ಬಳುವಳಿಯಾಗಿ ಬಂದದ್ದು. ಟೆಲಿಫೋನ್ ತಂತಿಯ ಮೇಲೆ ಕಂಪ್ಯೂಟರುಗಳು ಕಿರುಗುಟ್ಟುತ್ತಿದ್ದ ಕಾಲದ ಆಜ್ಞೆ ಇವತ್ತು ನಿಮ್ಮ ಕಾರಿನಲ್ಲಿ ನಡೆಯುತ್ತಿದೆ. ಈಗ ಇಂಜಿನ್ ಚಾಲೂ ಮಾಡಿ ‘01 0ಸಿ’ ಎಂದು ಕಳಿಸಿ. 01 ಎಂದರೆ ಈ ಕ್ಷಣದ ಲೆಕ್ಕ ಕೊಡು. 0ಸಿ ಎಂದರೆ ಇಂಜಿನ್ ವೇಗ. ಉತ್ತರ ‘41 0ಸಿ 0ಸಿ 80’ ಎಂದು ಬಂತೆನ್ನಿ. ಮೊದಲೆರಡು ‘ನೀನು ಕೇಳಿದ್ದಕ್ಕೆ ಉತ್ತರ’ ಎನ್ನುವ ಒಪ್ಪಿಗೆ. ಉಳಿದದ್ದು 0ಸಿ ಮತ್ತು 80, ಹದಿನಾರರ ಲೆಕ್ಕದಲ್ಲಿ. ಸಿ ಎಂದರೆ 12. 12ನ್ನು 256ರಿಂದ ಗುಣಿಸಿದರೆ 3072. ಹದಿನಾರರ ಲೆಕ್ಕದ 80 ನಮ್ಮ 128. ಕೂಡಿದರೆ 3200, ನಾಲ್ಕರಿಂದ ಭಾಗಿಸಿದರೆ 800. ಇಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ, ಐಡ್ಲಿಂಗ್ ಸರಿಯಾಗಿದೆ. ‘01 05’ ಕಳಿಸಿದರೆ ಕೂಲೆಂಟ್ ಬಿಸಿ: ಬಂದ ಸಂಖ್ಯೆಯಿಂದ 40 ಕಳೆಯಬೇಕು. 7ಬಿ ಬಂದರೆ ಅದು 123, ಕಳೆದು 83 ಡಿಗ್ರಿ. ನಲವತ್ತು ಯಾಕೆ ಕಳೆಯಬೇಕೆಂದರೆ, ಒಂದೇ ಬೈಟಿನಲ್ಲಿ ಮೈನಸ್ 40ರ ಚಳಿಯಿಂದ 215 ಡಿಗ್ರಿಯವರೆಗೆ ಹೇಳಿ ಮುಗಿಸಬಹುದು. ಆ್ಯಪಿನಲ್ಲಿ ಕಾಣುವ ಬಣ್ಣಬಣ್ಣದ ಮೀಟರುಗಳ ಹಿಂದೆ ನಡೆಯುವುದು ಇಷ್ಟೇ ಪ್ರಶ್ನೋತ್ತರ. ಒಳ್ಳೆಯ ಪೆಟ್ಟಿಗೆ ಇದನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತದೆ, ಕಳಪೆಯದು ಕೆಲವೇ ಸಲ.

ಈ ವೇಗಕ್ಕೆ ಯಾಕಿಷ್ಟು ಬೆಲೆ ಎಂಬುದು ಕೋಡುಗಳ ವಿಷಯಕ್ಕೆ ಬಂದರೆ ತಿಳಿಯುತ್ತದೆ.

‘ಹತ್ತು ಸಾವಿರ ಕೋಡು ಓದುತ್ತದೆ’ ಎಂದು ಜಾಹೀರಾತುಗಳು ಹೆಮ್ಮೆ ಪಡುತ್ತವೆ. ಕೋಡು ಓದುವುದು ದೊಡ್ಡ ವಿದ್ಯೆಯೇನಲ್ಲ, ಐನೂರರ ಪೆಟ್ಟಿಗೆಯೂ ಓದುತ್ತದೆ. ತೊಂದರೆ ಇರುವುದು ಓದಿದ ಮೇಲೆ. ನಾಯಿ ಬೊಗಳಿದರೆ ಗೇಟಿನ ಹತ್ತಿರ ಯಾರೋ ಬಂದಿದ್ದಾರೆ ಎಂದು ಗೊತ್ತಾಗುತ್ತದೆ, ಬಂದವರು ಯಾರೆಂದು ಎದ್ದು ಹೋಗಿ ನೋಡಬೇಕು. ಕೋಡು ಆ ಬೊಗಳುವಿಕೆ. ಪಿ0171 ಎಂಬ ಕೋಡನ್ನೇ ತೆಗೆದುಕೊಳ್ಳಿ. ‘ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ’ ಎಂದು ಅದರ ಅರ್ಥ. ಹೀಗೆಂದು ದೂರು ಕೊಟ್ಟದ್ದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಅವಸರದ ಮೆಕ್ಯಾನಿಕ್ ಆ ಸೆನ್ಸರನ್ನೇ ಬದಲಿಸುತ್ತಾನೆ. ಸುದ್ದಿ ತಂದವನಿಗೆ ಏಟು ಬಿದ್ದಂತಾಯಿತೇ ಹೊರತು ಕಾಯಿಲೆ ಅಲ್ಲೇ ಇರುತ್ತದೆ, ಎರಡು ವಾರಕ್ಕೆ ದೀಪ ಮತ್ತೆ ಹೊತ್ತುತ್ತದೆ.

ಸರಿಯಾದ ದಾರಿ ಹೀಗೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬುದು ಇಂಜಿನ್ ಕಂಪ್ಯೂಟರಿನ ಗುರಿ. ಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಚಿಮ್ಮಿಸುತ್ತದೆ. ಆಮೇಲೆ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಗೆ ಫ್ಯುಯೆಲ್ ಟ್ರಿಮ್ ಎಂದು ಹೆಸರು. ಕ್ಷಣಕ್ಷಣಕ್ಕೂ ಬದಲಾಗುವುದು ಶಾರ್ಟ್ ಟರ್ಮ್, ಅಭ್ಯಾಸವಾಗಿ ಕೂತದ್ದು ಲಾಂಗ್ ಟರ್ಮ್. ಎರಡೂ ಕೂಡಿ ಸೊನ್ನೆಯ ಆಚೀಚೆ ಐದಾರು ಪರ್ಸೆಂಟಿನೊಳಗೆ ಇದ್ದರೆ ಗಾಡಿ ಆರೋಗ್ಯವಾಗಿದೆ. ಈಗ ಪಿ0171 ಬಂದ ಕಾರಿನಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ ಈ ಮೊತ್ತ ನೋಡಿ. ಪ್ಲಸ್ 24 ಇದೆಯೆನ್ನಿ. ಆಕ್ಸಿಲರೇಟರ್ ಒತ್ತಿ 2500 ಸುತ್ತಿನಲ್ಲಿ ಹಿಡಿದುಕೊಳ್ಳಿ. ಪ್ಲಸ್ 5ಕ್ಕೆ ಇಳಿಯಿತು. ಗಾಳಿ ಅಳೆಯುವ ಮಾಫ್ ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಹೋಸು ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಬರುತ್ತಿದೆ. ಐಡ್ಲಿಂಗಿನಲ್ಲಿ ಒಟ್ಟು ಗಾಳಿ ಕಡಿಮೆ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗ ಹೆಚ್ಚಿದಾಗ ಒಟ್ಟು ಗಾಳಿ ಏರಿ ಕಳ್ಳಗಾಳಿ ಲೆಕ್ಕಕ್ಕಿಲ್ಲದಂತಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗಿನಲ್ಲಿ ಪ್ಲಸ್ 3, ಶಿರಾಡಿ ಘಾಟಿ ಏರುವಾಗ ಪ್ಲಸ್ 20 ಆದರೆ? ಬೇಡಿಕೆ ಹೆಚ್ಚಾದಾಗ ಪೆಟ್ರೋಲ್ ಸಾಲುತ್ತಿಲ್ಲ. ಪಂಪು ಸೋತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ, ಅಥವಾ ಮಾಫ್ ಸೆನ್ಸರ್ ಮೇಲೆ ಧೂಳು ಕೂತು ಗಾಳಿಯನ್ನು ಕಡಿಮೆ ಅಳೆಯುತ್ತಿದೆ. ಕೋಡು ಎರಡಕ್ಕೂ ಅದೇ ಪಿ0171. ಒಂದರ ಮದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುವ ರಬ್ಬರ್ ಹೋಸು, ಇನ್ನೊಂದರದ್ದು ಸಾವಿರಾರು ರೂಪಾಯಿಯ ಪಂಪು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಮಾಫ್ ಇರುವುದಿಲ್ಲ. ಇನ್‌ಟೇಕ್ ಒಳಗಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಂಥ ಇಂಜಿನ್ನಿನಲ್ಲಿ ಕಳ್ಳಗಾಳಿ ನುಗ್ಗಿದರೆ ಒತ್ತಡವೂ ಏರುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚಿಸುತ್ತದೆ. ಟ್ರಿಮ್ ಅಷ್ಟಾಗಿ ಕದಲುವುದಿಲ್ಲ, ಐಡ್ಲಿಂಗ್ ಮಾತ್ರ ಏರಿ ಕೂರುತ್ತದೆ. ಅಮೆರಿಕದ ವಿಡಿಯೊಗಳನ್ನು ನೋಡಿ ಕಲಿತವರು ಇಲ್ಲಿಯೇ ಎಡವುವುದು. ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಿದ ಕಾರಿನಲ್ಲಂತೂ ಟ್ರಿಮ್ ಓದುವಾಗ ಗಾಡಿ ಪೆಟ್ರೋಲಿನಲ್ಲಿದೆಯೋ ಗ್ಯಾಸಿನಲ್ಲಿದೆಯೋ ಎಂದು ಬರೆದಿಟ್ಟುಕೊಳ್ಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಇಷ್ಟೆಲ್ಲ ತಿಳಿಸಿದ್ದು ಕೋಡಲ್ಲ, ಚಲಿಸುತ್ತಿರುವ ಸಂಖ್ಯೆಗಳು, ಅಂದರೆ ಲೈವ್ ಡೇಟಾ. ಮೊದಲೇ ಹೇಳಿದ ವೇಗ ಬೇಕಾಗುವುದು ಇದಕ್ಕೆ. ಹಳೆಯ ಮಾದರಿಯ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಸದಾ ಹೊಯ್ದಾಡುತ್ತಿರುತ್ತದೆ. ನಿಧಾನದ ಪೆಟ್ಟಿಗೆಯಲ್ಲಿ ಆ ಗೆರೆ ಮುರಿದ ಮೆಟ್ಟಿಲುಗಳಂತೆ ಕಾಣುತ್ತದೆ. ಕೈಯಲ್ಲಿರುವುದು ನಿಧಾನದ್ದೇ ಆಗಿದ್ದರೆ ಆ್ಯಪಿನಲ್ಲಿ ಇಪ್ಪತ್ತು ಮೀಟರು ಜೋಡಿಸಬೇಡಿ, ಬೇಕಾದ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ. ಪ್ರಶ್ನೆ ಕಡಿಮೆಯಾದರೆ ಉತ್ತರ ಬೇಗ ಬರುತ್ತದೆ.

ಲೈವ್ ಡೇಟಾದಷ್ಟೇ ಬೆಲೆಬಾಳುವ ಇನ್ನೊಂದು ಸೌಲಭ್ಯ ಫ್ರೀಜ್ ಫ್ರೇಮ್. ದೋಷ ದಾಖಲಾದ ಕ್ಷಣದಲ್ಲಿ ಇಂಜಿನ್ ಬಿಸಿ ಎಷ್ಟು, ವೇಗ ಎಷ್ಟು, ಹೊರೆ ಎಷ್ಟು ಎಂದು ಕಾರು ಬರೆದಿಟ್ಟುಕೊಂಡ ಪುಟ ಅದು. ಎರಡನೇ ಸಿಲಿಂಡರ್ ಮಿಸ್ಸಿಂಗ್ ಎನ್ನುವ ಪಿ0302 ಬಂದಿದೆ ಎನ್ನಿ. ಆ ಪುಟದಲ್ಲಿ ಕೂಲೆಂಟ್ 28 ಡಿಗ್ರಿ ಇದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನ ಕಾಯಿಲೆ. 92 ಡಿಗ್ರಿ ಮತ್ತು ಭಾರಿ ಹೊರೆ ಇದ್ದರೆ ಏರಿನಲ್ಲಿ ಎಳೆಯುವಾಗಿನದು. ಪ್ಲಗ್ಗಿನ ಮೇಲೇ ಕಾಯಿಲ್ ಕೂತಿರುವ ಇಂಜಿನ್ನಾದರೆ ಮುಂದಿನ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಇಂಜಿನ್ ಆರಿಸಿ, ಎರಡನೆಯ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಬದಲಿಸಿ, ಕೋಡು ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ನಿರಪರಾಧಿ. ಪ್ಲಗ್ಗು, ಇಂಜೆಕ್ಟರ್ ಕಡೆ ಹೋಗಿ. ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಫೋಟೊ ತೆಗೆದುಕೊಳ್ಳುವುದನ್ನು ಮರೆಯಬಾರದು. ಅಳಿಸು ಎಂದರೆ ಕೋಡಿನ ಜೊತೆ ಆ ಪುಟವೂ ಹೋಗುತ್ತದೆ.

ಅಳಿಸಿದ್ದರ ಗುರುತು ಮಾತ್ರ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಅಗ್ಗದ ಸ್ಕ್ಯಾನರಿನ ನಿಜವಾದ ಉಪಯೋಗ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಗಿರಾಕಿ ಬರುವ ಬೆಳಿಗ್ಗೆ ಕೋಡು ಅಳಿಸಿ ದೀಪ ಆರಿಸಿಟ್ಟರೆ ಡ್ಯಾಶ್‌ಬೋರ್ಡ್ ಸ್ವಚ್ಛವಾಗಿ ಕಾಣುತ್ತದೆ. ಆದರೆ ಕೋಡು ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಇಂಜಿನ್ ಬಿಸಿಯಾಗಿದೆ ಎಂಬ ಲೆಕ್ಕವನ್ನು ಬಹುಪಾಲು ಕಾರುಗಳು ಇಟ್ಟಿರುತ್ತವೆ. ‘01 31’ ಕೇಳಿದರೆ ಕಿಲೋಮೀಟರ್, ‘01 30’ ಕೇಳಿದರೆ ಬಿಸಿಯಾದ ಸಲ. ಆ್ಯಪುಗಳಲ್ಲಿ ಇದು ಹೆಸರಿನ ಸಮೇತ ಇರುತ್ತದೆ. ‘ಗಾಡಿಗೆ ಇದುವರೆಗೂ ಏನೂ ಆಗಿಲ್ಲ’ ಎನ್ನುವ ಮಾಲೀಕರ ಕಾರು ಅಳಿಸಿ 9 ಕಿಲೋಮೀಟರ್ ಆಯಿತು ಎಂದು ಹೇಳಿದರೆ ಚೌಕಾಸಿಗೆ ಒಳ್ಳೆಯ ಆಧಾರ ಸಿಕ್ಕಂತೆ. ಬ್ಯಾಟರಿ ಕಳಚಿದರೂ ಹಲವು ಕಾರುಗಳಲ್ಲಿ ಈ ಲೆಕ್ಕ ಸೊನ್ನೆಯಾಗುವುದುಂಟು, ಆದ್ದರಿಂದ ಹೊಸ ಬ್ಯಾಟರಿ ಹಾಕಿಸಿದ್ದಾರೆಯೇ ಎಂದೂ ಕೇಳಿ. ಓಡೋಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂದು ಮಾತ್ರ ಅಗ್ಗದ ಸ್ಕ್ಯಾನರಿನಿಂದ ತಿಳಿಯುವ ಆಸೆ ಇಟ್ಟುಕೊಳ್ಳಬೇಡಿ.

ಹಾಗಾದರೆ ಯಾವುದು ಕೊಳ್ಳಬೇಕು? ನಿಮ್ಮದು 2013ರ ನಂತರದ ಒಂದೇ ಕಾರು, ಕಾಟ ಇಂಜಿನ್ನಿನದು, ಕೈಯಲ್ಲಿ ಆಂಡ್ರಾಯ್ಡ್ ಫೋನಿದೆ ಎಂದಾದರೆ ಹೆಸರಿರುವ ತಯಾರಕರ ಬ್ಲೂಟೂತ್ ಅಡಾಪ್ಟರ್ ಒಂದು ಸಾಕು. ಓಬಿಡಿಲಿಂಕ್, ವಿಲಿಂಕರ್, ವೀಪೀಕ್ ಈ ಬಗೆಯವು. ಐನೂರರ ನಕಲಿಗಿಂತ ಹಲವು ಪಟ್ಟು ಬೆಲೆ, ಆದರೆ ಎಲ್ಲ ಹಳೆಯ ಭಾಷೆಗಳನ್ನೂ ಆಡುತ್ತವೆ, ವೇಗವೂ ಇದೆ. ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪಿನ ದುಡ್ಡು ಕೊಡುವ ಆವೃತ್ತಿಗೆ ಕೆಲವು ನೂರು ರೂಪಾಯಿ ಹಾಕಿದರೆ ನಷ್ಟವಿಲ್ಲ. ಐಫೋನ್ ಇರುವವರು ಹಳೆಯ ಬ್ಲೂಟೂತಿನ ಅಗ್ಗದ ಪೆಟ್ಟಿಗೆ ಕೊಂಡರೆ ಕೆಲಸ ಮಾಡುವುದಿಲ್ಲ. ಬಿಎಲ್ಇ ಎಂಬ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಅಥವಾ ವೈಫೈ ಇರುವುದನ್ನೇ ಕೇಳಬೇಕು. ಫೋನಿನ ರಗಳೆಯೇ ಬೇಡ, ಅಕ್ಕಪಕ್ಕದವರ ಕಾರನ್ನೂ ನೋಡಬೇಕು ಎನ್ನುವವರಿಗೆ ಪರದೆಯಿರುವ ಕೈಸ್ಕ್ಯಾನರ್ ಅನುಕೂಲ. ಅದರಲ್ಲಿ ಲೈವ್ ಡೇಟಾ ಮತ್ತು ಫ್ರೀಜ್ ಫ್ರೇಮ್ ಎರಡೂ ಇದೆಯೇ ಎಂದು ನೋಡಿ; ಕೋಡು ಓದಿ ಅಳಿಸುವುದಷ್ಟೇ ಬರುವ ಯಂತ್ರಕ್ಕೆ ಐವತ್ತು ರೂಪಾಯಿಯೂ ದಂಡ.

ಎಬಿಎಸ್, ಏರ್‌ಬ್ಯಾಗ್, ಗೇರ್‌ಬಾಕ್ಸ್ ಓದಬೇಕೆಂದರೆ ನಾಲ್ಕು ವ್ಯವಸ್ಥೆಗಳ ಸ್ಕ್ಯಾನರ್‌ಗಳಿವೆ. ಲಾಂಚ್, ಆಟೆಲ್ ಕಂಪನಿಗಳದ್ದು ಹೆಸರುವಾಸಿ. ಇವು ಹತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ. ದುಡ್ಡು ಕಟ್ಟುವ ಮೊದಲು ತಯಾರಕರ ಪಟ್ಟಿಯಲ್ಲಿ ಭಾರತದ ನಿಮ್ಮ ಮಾದರಿ, ನಿಮ್ಮ ವರ್ಷ ಇದೆಯೇ ಎಂದು ಹುಡುಕಿ. ಯುರೋಪಿನ ಕಾರುಗಳ ಉದ್ದ ಪಟ್ಟಿ ಕೊಟ್ಟು ಮಾರುತಿ, ಮಹೀಂದ್ರಾ, ಟಾಟಾ ಹತ್ತಿರ ಬಂದಾಗ ಮೌನವಾಗುವ ಯಂತ್ರ ನಮಗೆ ಉಪಯೋಗವಿಲ್ಲ. ಎಬಿಎಸ್ ದೀಪ ಒಂದೇ ಒಂದು ಸಲ ಹೊತ್ತಿದೆ ಎಂಬುದಕ್ಕೆ ಇಷ್ಟು ಸುರಿಯುವುದಕ್ಕಿಂತ ಗ್ಯಾರೇಜಿಗೆ ಐನೂರು ಕೊಡುವುದು ಲೇಸು. ಏರ್‌ಬ್ಯಾಗಿನ ದೋಷವನ್ನು ಓದುವುದು ಸರಿ, ಅದರ ವೈರಿಗೆ ಮನೆಯಲ್ಲಿ ಕೈ ಹಾಕುವುದು ಬೇಡ. ಎಲೆಕ್ಟ್ರಿಕ್ ಕಾರಿನವರಿಗೆ ಈ ಅಧ್ಯಾಯದ ಬಹುಭಾಗ ಅನ್ವಯಿಸದು. ಹೊಗೆಯೇ ಇಲ್ಲದ ಗಾಡಿಗೆ ಹೊಗೆಯ ಕಾನೂನಿನ ಪ್ರಶ್ನೆಗಳಿಲ್ಲ, ಬ್ಯಾಟರಿಯ ಆರೋಗ್ಯ ಕಂಪನಿಯ ಗುಟ್ಟಿನ ಭಾಷೆಯಲ್ಲೇ ಇರುತ್ತದೆ.

ಇದೇ ಸಾಕೆಟ್ಟಿಗೆ ಚುಚ್ಚಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಮಾರುವ ಪೆಟ್ಟಿಗೆಗಳೂ ಇವೆ. ಅಂಥವುಗಳನ್ನು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಮಿಣುಕುವ ಎಲ್ಇಡಿಗಳು, ಕಾರಿನ ಜೊತೆ ಮಾತಾಡುವ ಚಿಪ್ಪೇ ಇರಲಿಲ್ಲ. ಸ್ಕ್ಯಾನರನ್ನು ಸದಾ ಚುಚ್ಚಿಟ್ಟಿರುವುದೂ ಒಳ್ಳೆಯ ರೂಢಿಯಲ್ಲ. 16ನೇ ಪಿನ್ನಿನಲ್ಲಿ ಕೀಲಿ ತೆಗೆದ ಮೇಲೂ ಕರೆಂಟ್ ಇರುತ್ತದೆ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೆ ಬ್ಯಾಟರಿ ಕುಳಿತಿರಬಹುದು. ಅಲ್ಲದೆ ಅಗ್ಗದ ವೈಫೈ ಪೆಟ್ಟಿಗೆಗಳಿಗೆ ಪಾಸ್‌ವರ್ಡೇ ಇರುವುದಿಲ್ಲ, ಬ್ಲೂಟೂತಿನವಕ್ಕೆ 1234. 2015ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಸಾಕೆಟ್ಟಿಗೆ ಚುಚ್ಚಿದ ಇನ್ಶೂರೆನ್ಸ್ ಕಂಪನಿಯ ಸಾಧನವೊಂದಕ್ಕೆ ಎಸ್ಎಂಎಸ್ ಕಳಿಸಿ ಕಾರಿನ ಬ್ರೇಕನ್ನು ಕೆಲಸ ಮಾಡದಂತೆ ಮಾಡಿ ತೋರಿಸಿದ್ದರು.

ಪೆಟ್ಟಿಗೆ ಮನೆಗೆ ಬಂದ ಮೇಲೆ, ವಾಪಸು ಕೊಡುವ ಗಡುವು ಮುಗಿಯುವುದರೊಳಗೆ, ಚಾಸಿ ನಂಬರ್ ಓದಿಸಿ ಆರ್‌ಸಿಯೊಂದಿಗೆ ಹೋಲಿಸಿ ನೋಡಿ. ಹೊಸ ಕಾರುಗಳಲ್ಲಿ ಆ ನಂಬರ್ ಹಲವು ತುಂಡುಗಳಾಗಿ ಬರುತ್ತದೆ, ಕಳಪೆ ನಕಲುಗಳು ಜೋಡಿಸಲಾಗದೆ ಅಲ್ಲೇ ಸಿಕ್ಕಿಬೀಳುತ್ತವೆ. ನಂತರ, ಗಾಡಿ ಚೆನ್ನಾಗಿರುವಾಗಲೇ, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲೂ 2500 ಸುತ್ತಿನಲ್ಲೂ ಎರಡು ಟ್ರಿಮ್, ಕೂಲೆಂಟ್ ಬಿಸಿ, ಮ್ಯಾಪ್ ಅಥವಾ ಮಾಫ್, ಬ್ಯಾಟರಿ ವೋಲ್ಟೇಜ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗ್ಲೌ ಬಾಕ್ಸಿನಲ್ಲಿ ಆರ್‌ಸಿಯ ಜೊತೆ ಇಡಿ. ಮುಂದೆ ದೀಪ ಹೊತ್ತಿದ ದಿನ ನಿಮಗೂ ನಿಮ್ಮ ಮೆಕ್ಯಾನಿಕ್ಕಿಗೂ ಹೋಲಿಸಿ ನೋಡಲು ಆ ಹಾಳೆ ಬೇಕಾಗುತ್ತದೆ.